ಹಾಲು ಹಲ್ಲು ತಾನೇ, ಬಿಡಿ!

ಮಕ್ಕಳ ಹಲ್ಲಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ಎಲ್ಲ ಜಾತಿ, ಎಲ್ಲ ಪಕ್ಷ, ಎಲ್ಲ ಜಿಲ್ಲೆಯವರೂ ಒಪ್ಪುವ ಒಂದು ಮಾತಿದೆ. "ಹಾಲು ಹಲ್ಲು ತಾನೇ, ಬಿಡಿ. ಹೆಂಗಿದ್ರೂ ಬಿದ್ದು ಹೋಗುತ್ತೆ." ಅಜ್ಜಿ ಹೇಳ್ತಾರೆ, ಅಪ್ಪ ಹೇಳ್ತಾನೆ, ಪಕ್ಕದ ಮನೆಯವರು ಹೇಳ್ತಾರೆ, ಮೆಡಿಕಲ್ ಶಾಪಿನಲ್ಲಿ ನೋವಿನ ಸಿರಪ್ಪು ಕೊಡುವ ಹುಡುಗನೂ ಹೇಳ್ತಾನೆ. ಬಾಯಿಬಿಟ್ಟು ಹೇಳದಿದ್ದರೂ ನಮ್ಮ ಸರ್ಕಾರದ ನಡವಳಿಕೆ ಹೇಳುವುದೂ ಇದನ್ನೇ. ಈ ಮಾತು ಶುದ್ಧ ತಪ್ಪು, ಇದನ್ನು ನಂಬಿಕೊಂಡು ಕೂತಿದ್ದಕ್ಕೆ ಮಕ್ಕಳು ನೋವು ತಿನ್ನುತ್ತಿದ್ದಾರೆ ಅನ್ನುವುದು ನನ್ನ ತಕರಾರು. ಬರಹ ಸ್ವಲ್ಪ ಖಾರವಾದರೆ ಸಹಿಸಿಕೊಳ್ಳಿ.

ಮೊದಲು ಲೆಕ್ಕ ಹೇಳಿಬಿಡ್ತೀನಿ. ಹಾಲು ಹಲ್ಲು ಒಟ್ಟು 20. ಮೊದಲನೆಯದು ಆರು ತಿಂಗಳ ಆಸುಪಾಸಿನಲ್ಲಿ ಮೂಡುತ್ತೆ, ಎರಡೂವರೆ ಮೂರು ವರ್ಷಕ್ಕೆಲ್ಲ ಬಾಯಿ ತುಂಬುತ್ತೆ. ಆರೇಳು ವರ್ಷಕ್ಕೆ ಮುಂದಿನ ಹಲ್ಲು ಅಲ್ಲಾಡತೊಡಗುತ್ತವೆ. ನಮ್ಮೆಲ್ಲರ ನೆನಪಿನಲ್ಲಿ ಇರುವುದು ಈ ಮುಂದಿನ ಹಲ್ಲುಗಳೇ. ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆದಿದ್ದು, ತೊದಲುತ್ತಾ ಓಡಾಡಿದ್ದು, ಎಲ್ಲರೂ ರೇಗಿಸಿದ್ದು. ಆದರೆ ಹಿಂದಿನ ದವಡೆಯ ಹಾಲು ಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡನೇ ವಯಸ್ಸಿನಲ್ಲಿ. ಅಂದ್ರೆ ನಾಲ್ಕನೇ ವರ್ಷಕ್ಕೆ ಹುಳುಕಾದ ದವಡೆ ಹಲ್ಲು ಇನ್ನೂ ಆರೆಂಟು ವರ್ಷ ಅದೇ ಬಾಯಲ್ಲಿ ಕೆಲಸ ಮಾಡಬೇಕು. ಆರು ವರ್ಷ ಓಡಬೇಕಾದ ಬೈಕಿನ ಟಯರು ಮೊದಲ ವರ್ಷವೇ ಪಂಕ್ಚರಾದರೆ "ಹೆಂಗಿದ್ರೂ ಒಂದಿನ ಬದಲಾಯಿಸೋದೇ ತಾನೇ" ಅಂತ ಹಾಗೇ ಓಡಿಸ್ತೀವಾ?

ಈ ಆರೆಂಟು ವರ್ಷದಲ್ಲಿ ಏನೇನಾಗುತ್ತೆ ನೋಡಿ. ಹುಳುಕು ಒಳಗಿನ ನರ ಮುಟ್ಟಿದರೆ ರಾತ್ರಿಯೆಲ್ಲಾ ನೋವು. ಕೀವು ತುಂಬಿದರೆ ಕೆನ್ನೆ ಊದಿಕೊಂಡು ಜ್ವರ. ಬೇರಿನ ಬುಡದಲ್ಲಿ ಬೆಳೆಯುತ್ತಾ ಇರುವ ಶಾಶ್ವತ ಹಲ್ಲಿನ ಮೊಳಕೆಗೂ ಆ ಸೋಂಕು ಪೆಟ್ಟು ಕೊಡಬಹುದು. ತಡೆಯಲಾರದೆ ಕೀಳಿಸಿದಿರಿ ಅನ್ನಿ, ಆಗ ಖಾಲಿಯಾದ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲುತ್ತವೆ, ಸೈಟು ಒತ್ತುವರಿ ಮಾಡಿದ ಹಾಗೆ. ನಾಲ್ಕೈದು ವರ್ಷ ಬಿಟ್ಟು ಬರುವ ಶಾಶ್ವತ ಹಲ್ಲಿಗೆ ಜಾಗವೇ ಇರೋದಿಲ್ಲ, ಸೊಟ್ಟಗೆ ಬರುತ್ತೆ. ಆಮೇಲೆ ಅದನ್ನು ಸರಿಮಾಡಲು ಕ್ಲಿಪ್ಪು, ಅದಕ್ಕೆ ಹತ್ತಾರು ಸಾವಿರ. ಹಾಲು ಹಲ್ಲಿನ ಕೆಲಸ ಅಗಿಯುವುದಷ್ಟೇ ಅಲ್ಲ, ಮುಂದೆ ಬರುವವನಿಗೆ ಸೀಟು ಹಿಡಿದುಕೊಂಡಿರುವುದೂ ಅದರ ಕೆಲಸ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಆರನೇ ವರ್ಷದ ಆಸುಪಾಸಿನಲ್ಲಿ ಯಾವ ಹಲ್ಲೂ ಬೀಳದೆ, ಎಲ್ಲಾ ಹಾಲು ಹಲ್ಲಿನ ಹಿಂದೆ, ಮೇಲೆರಡು ಕೆಳಗೆರಡು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಬರುತ್ತವೆ. ಯಾವುದೂ ಬಿದ್ದಿಲ್ಲವಾದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗೋದಿಲ್ಲ. ಗೊತ್ತಾದರೂ ಅದನ್ನು ಹಾಲು ಹಲ್ಲಿನ ಲೆಕ್ಕಕ್ಕೇ ಸೇರಿಸಿಬಿಡ್ತಾರೆ. ಅವು ಶಾಶ್ವತ ಹಲ್ಲು ಸ್ವಾಮಿ! ಜೀವನಪೂರ್ತಿ ಬೇಕಾದ ಹಲ್ಲು. ಅವುಗಳ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ, ತಿಂದದ್ದು ಅಲ್ಲೇ ಕೂರುತ್ತೆ, ಮಗುವಿನ ಬ್ರಷ್ಷು ಅಷ್ಟು ಹಿಂದಕ್ಕೆ ಹೋಗೋದೇ ಇಲ್ಲ. ಎಂಟೊಂಬತ್ತು ವರ್ಷಕ್ಕೆ ಆ ಹಲ್ಲು ತೂತಾಗಿ, ಕ್ಲಿನಿಕ್ಕಿಗೆ ಹೋದಾಗ "ಇದು ಮತ್ತೆ ಬರಲ್ಲ" ಅಂತ ಡಾಕ್ಟರು ಹೇಳಿದರೆ ಅಪ್ಪ ಅಮ್ಮ ಮುಖ ಮುಖ ನೋಡಿಕೊಳ್ತಾರೆ. "ಹಾಲು ಹಲ್ಲು ತಾನೇ" ಅನ್ನುವ ಮಾತಿಗೆ ಬಲಿಯಾಗುವ ಮೊದಲ ಶಾಶ್ವತ ಹಲ್ಲು ಇದೇ.

ನಾನು ದಂತವೈದ್ಯನಲ್ಲ, ಪ್ರಾಥಮಿಕ ಶಾಲೆ ಮೇಷ್ಟ್ರು. ನಲಿ-ಕಲಿ ತರಗತಿಯಲ್ಲಿ ಮಕ್ಕಳ ಬಾಯಿ ನೋಡುವಷ್ಟು ಹತ್ತಿರ ಕೂರುತ್ತೇನೆ. ಬಿಸಿಯೂಟದ ಸಾಲಿನಲ್ಲಿ ಒಂದೇ ಕಡೆ ಅಗಿಯುವ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ಕೆನ್ನೆಗೆ ಕೈಯಿಟ್ಟು ಕೂತ ಮಗು ಓದಿನಲ್ಲಿ ಹಿಂದೆ ಅಂತ ರಿಜಿಸ್ಟರಿನಲ್ಲಿ ಸೇರಿಕೊಳ್ಳುತ್ತೆ, ಹಲ್ಲು ನೋವು ಅಂತ ಬರೆಯೋದಕ್ಕೆ ಅದರಲ್ಲಿ ಕಾಲಂ ಇಲ್ಲ. ನಮ್ಮ ಮುದ್ದೆ ಸೀಮೆಯಲ್ಲಿ ಇನ್ನೊಂದು ಸಮಸ್ಯೆ. ಮುದ್ದೆ ನುಂಗುವ ಊಟ, ಅಗಿಯಬೇಕಿಲ್ಲ. ಹಾಗಾಗಿ ಮಗುವಿಗೆ ಅಗಿಯೋಕೆ ಆಗ್ತಾ ಇಲ್ಲ ಅನ್ನೋದು ಮನೆಯಲ್ಲಿ ತಿಳಿಯುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಹಾಲು ಹಲ್ಲು ಹುಳುಕಾದ ಮಕ್ಕಳು 51 ಕೋಟಿಗೂ ಹೆಚ್ಚು. ಇಷ್ಟು ಮಕ್ಕಳಿಗೆ ಬೇರೆ ಯಾವುದಾದರೂ ಕಾಯಿಲೆ ಬಂದಿದ್ದರೆ ಟಿವಿ ಚಾನೆಲ್ಲುಗಳು ಊಟ ಬಿಟ್ಟು ಕಿರುಚುತ್ತಿದ್ದವು.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. "ಹುಳುಕು" ಅಂತೀವಿ, "ಹಲ್ಲಿಗೆ ಹುಳ ಬಿದ್ದಿದೆ" ಅಂತೀವಿ. ಹೊಗೆ ಹಾಕಿ ಹಲ್ಲಿನ ಹುಳ ಉದುರಿಸುತ್ತೇವೆ ಅನ್ನುವವರೂ ಇದ್ದರು. ಹುಳ ಅಂದಕೂಡಲೇ ಅದು ಎಲ್ಲಿಂದಲೋ ಬಂದದ್ದು, ನಮ್ಮ ಕೈಲಿ ಏನೂ ಇಲ್ಲ ಅನ್ನೋ ಭಾವನೆ ಬಂದುಬಿಡುತ್ತೆ. ಅಲ್ಲಿ ಹುಳ ಇಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತೆ. ಸಿಹಿ ಬಾಯಿಗೆ ಬಿದ್ದ ಪ್ರತಿ ಸಲವೂ ಸುಮಾರು ಅರ್ಧ ಗಂಟೆ ಈ ಕೆಲಸ ನಡೆಯುತ್ತೆ, ಆಮೇಲೆ ಜೊಲ್ಲು ನಿಧಾನಕ್ಕೆ ರಿಪೇರಿ ಮಾಡುತ್ತೆ. ಆದ್ದರಿಂದ ಎಷ್ಟು ಸಿಹಿ ತಿಂದರು ಅನ್ನೋದರ ಜೊತೆಗೆ ಎಷ್ಟು ಸಲ ತಿಂದರು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿಂದ ಮಗುವಿಗಿಂತ, ದಿನವಿಡೀ ಒಂದೊಂದೇ ಬಿಸ್ಕತ್ತು ಚೀಪುವ ಮಗುವಿನ ಹಲ್ಲಿಗೆ ಅಪಾಯ ಜಾಸ್ತಿ. ಬೆಲ್ಲ, ಜೇನುತುಪ್ಪಕ್ಕೆ ವಿನಾಯಿತಿ ಇಲ್ಲ. ಅವು ಸಾವಯವ ಅಂತ ಬ್ಯಾಕ್ಟೀರಿಯಾಗೆ ಯಾರೂ ಹೇಳಿಲ್ಲ.

ಈಗ ನಮ್ಮ ಮಕ್ಕಳ ದಿನ ನೋಡಿ. ಎದ್ದ ಕೂಡಲೇ ಸಕ್ಕರೆ ಹಾಕಿದ ಹಾಲು, ಅದಕ್ಕೆ ಮತ್ತೆ ಡಬ್ಬಿಯ ಪುಡಿ. ಆ ಪುಡಿಗಳನ್ನು ವರ್ಷಗಟ್ಟಲೆ "ಹೆಲ್ತ್ ಡ್ರಿಂಕ್" ಅಂತ ಮಾರಿದರು. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಅನ್ನೋದಕ್ಕೆ ವ್ಯಾಖ್ಯೆಯೇ ಇಲ್ಲ ಅಂತ ಕೊನೆಗೂ ಯಾರೋ ಗಮನಿಸಿ, 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ಪಟ್ಟಿಯಿಂದ ಇಂಥ ಪಾನೀಯಗಳನ್ನು ತೆಗೆಯಿರಿ ಅಂತ ಸೂಚನೆ ಕೊಟ್ಟಿತು. ಹೆಸರು ಬದಲಾಯಿತು, ಡಬ್ಬಿಯೊಳಗಿನ ಸಕ್ಕರೆ ಬದಲಾಯಿತಾ? ಆಮೇಲೆ ಸ್ಕೂಲಿನಲ್ಲಿ ಯಾರದ್ದೋ ಹುಟ್ಟುಹಬ್ಬದ ಚಾಕ್ಲೇಟು. ಸಂಜೆ ಐದು ರೂಪಾಯಿಯ ಕ್ರೀಮ್ ಬಿಸ್ಕತ್ತು. ಅಂಗಡಿಗೆ ಹೋದರೆ "ಚಿಲ್ಲರೆ ಇಲ್ಲ, ಚಾಕ್ಲೇಟ್ ತಗೊಳ್ಳಿ." ಫೋನ್‌ಪೇ ಬಂದು ಆ ಕಾಟ ಒಂದಿಷ್ಟು ತಪ್ಪಿತು, ಪುಣ್ಯ. ಕೆಮ್ಮಿದರೆ ಸಿಹಿ ಸಿರಪ್ಪು. ರಾತ್ರಿ ನಿಪ್ಪಲ್ ಬಾಟಲಿಯಲ್ಲಿ ಸಿಹಿ ಹಾಲು ಕುಡೀತಾ ಕುಡೀತಾ ನಿದ್ದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತೆ, ರಿಪೇರಿ ಮಾಡುವವರು ರಜೆಯಲ್ಲಿರುತ್ತಾರೆ. ಎರಡು ವರ್ಷದ ಕೂಸಿನ ಮೇಲಿನ ಮುಂದಿನ ಹಲ್ಲೆಲ್ಲಾ ಕಂದುಬಣ್ಣಕ್ಕೆ ತಿರುಗಿ ಮೊಂಡಾಗುವುದು ಹೀಗೆ.

ಇಷ್ಟಾದ ಮೇಲೆ ಕ್ಲಿನಿಕ್ಕಿಗೆ ಹೋದರೆ ಬೈಸಿಕೊಳ್ಳುವವಳು ಯಾರು? ತಾಯಿ. "ಏನಮ್ಮಾ, ನೋಡ್ಕೊಳ್ಳೋಕೆ ಆಗಲ್ವಾ?" ಅಪ್ಪನನ್ನು ಈ ಪ್ರಶ್ನೆ ಕೇಳಿದ್ದನ್ನು ನಾನಂತೂ ಕೇಳಿಲ್ಲ. ಬೆಳಿಗ್ಗೆ ಗಾರ್ಮೆಂಟ್ಸಿನ ವ್ಯಾನು ಹತ್ತಿ ಕತ್ತಲಾದ ಮೇಲೆ ಇಳಿಯುವ ಹೆಂಗಸು ಮಗುವಿನ ಹಲ್ಲಿಗೆ ಕ್ಲಿನಿಕ್ಕಿಗೆ ಹೋಗಬೇಕಂದ್ರೆ ಒಂದು ದಿನದ ಕೂಲಿ ಬಿಡಬೇಕು. ಒಂದು ಭೇಟಿಯಲ್ಲಿ ಮುಗಿಯುವ ಕೆಲಸವೂ ಅಲ್ಲ, ನರದ ಚಿಕಿತ್ಸೆ ಅಂದ್ರೆ ಎರಡು ಮೂರು ಸಲ ಬನ್ನಿ ಅಂತಾರೆ, ಪ್ರತಿ ಸಲವೂ ಸಾವಿರದ ಲೆಕ್ಕ. ಆರೋಗ್ಯ ವಿಮೆ ಇದ್ದವರಿಗೂ ಹಲ್ಲಿನ ಖರ್ಚು ಸಾಮಾನ್ಯವಾಗಿ ಸಿಗೋದಿಲ್ಲ, ಅಪಘಾತದಲ್ಲಿ ಮುರಿದುಕೊಂಡರೆ ಬೇರೆ ಮಾತು. ಇಂಥಾ ಹೆಂಗಸು "ಹಾಲು ಹಲ್ಲು ತಾನೇ" ಅಂದರೆ ಅದು ಅಜ್ಞಾನವಲ್ಲ, ಬೇರೆ ದಾರಿ ಕಾಣದೆ ಹೇಳಿಕೊಳ್ಳುವ ಸಮಾಧಾನ. ನನ್ನ ಸಿಟ್ಟು ಆಕೆಯ ಮೇಲಲ್ಲ. ಎಲ್ಲಾ ಅನುಕೂಲ ಇದ್ದೂ ಅದೇ ಮಾತಾಡುವವರ ಮೇಲೆ.

ಇಂಥವರು ಕೂಡಲೇ ತೆಗೆಯುವ ಅಸ್ತ್ರ ಒಂದಿದೆ. "ನಮ್ಮ ಕಾಲದಲ್ಲಿ ಇದ್ದಿಲು, ಉಪ್ಪು, ಬೇವಿನಕಡ್ಡಿಯಲ್ಲಿ ಉಜ್ಜುತ್ತಿದ್ದೆವು. ನಮ್ಮಜ್ಜ ಎಂಬತ್ತರಲ್ಲೂ ಕಬ್ಬು ಸಿಗಿಯುತ್ತಿದ್ದ." ಇರಬಹುದು. ಕಬ್ಬು ಸಿಗಿಯುವ ಅಜ್ಜನ ಕತೆ ಎಲ್ಲರೂ ಹೇಳುತ್ತಾರೆ, ಅದೇ ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟಿಕೊಂಡು ಬೊಚ್ಚುಬಾಯಲ್ಲಿ ಕೂತಿದ್ದ ನಾಲ್ಕು ಮಂದಿಯ ಕತೆ ಯಾರೂ ಹೇಳೋದಿಲ್ಲ. ಅಜ್ಜನ ಬಾಲ್ಯದಲ್ಲಿ ಸಕ್ಕರೆ ಹಬ್ಬಕ್ಕೆ ಬರುತ್ತಿತ್ತು, ನಿಮ್ಮ ಮೊಮ್ಮಗನ ಬಾಲ್ಯದಲ್ಲಿ ಗಂಟೆಗೊಮ್ಮೆ ಬರುತ್ತೆ. ತಿನ್ನೋದು ಈ ಕಾಲದ್ದು, ಉಜ್ಜೋದು ಆ ಕಾಲದ್ದು ಅಂದ್ರೆ ಹೆಂಗೆ? ಇದ್ದಿಲು, ಇಟ್ಟಿಗೆಪುಡಿ ಹಲ್ಲಿನ ಮೇಲ್ಪದರವನ್ನೇ ಸವೆಸುತ್ತವೆ.

ಇನ್ನೊಂದು ಹೊಸ ತಲೆನೋವು ಪಟ್ಟಣದ್ದು. ಓದಿಕೊಂಡ ಅಪ್ಪ ಅಮ್ಮ "ಫ್ಲೋರೈಡ್ ವಿಷ" ಅಂತ ವಾಟ್ಸಾಪಿನಲ್ಲಿ ಓದಿ, ಮಕ್ಕಳಿಗೆ ಫ್ಲೋರೈಡ್ ಇಲ್ಲದ ದುಬಾರಿ ಪೇಸ್ಟ್ ತರುತ್ತಾರೆ. ಈ ಭಯಕ್ಕೆ ಬೇರು ಇಲ್ಲದೇ ಇಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ, ಮಕ್ಕಳ ಶಾಶ್ವತ ಹಲ್ಲುಗಳು ಹುಟ್ಟುವಾಗಲೇ ಕಂದು ಪಟ್ಟೆ ಹೊತ್ತು ಬರುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅನ್ನೋದು ನಮ್ಮ ದೇಶದ ಮಾನದಂಡ. ಆ ಮಕ್ಕಳು ಎಷ್ಟು ಉಜ್ಜಿದರೂ ಪಟ್ಟೆ ಹೋಗೋದಿಲ್ಲ. ಆದರೂ "ಹಲ್ಲುಜ್ಜಲ್ವೇನೋ?" ಅಂತ ಮೇಷ್ಟ್ರುಗಳಿಂದಲೇ ಬೈಸಿಕೊಳ್ಳುತ್ತವೆ. ಅಲ್ಲಿ ಬೇಕಾದ್ದು ಒಳ್ಳೆ ನೀರು. ಅದನ್ನು ಕೇಳಿದರೆ ಕೆಟ್ಟು ನಿಂತ ಶುದ್ಧ ನೀರಿನ ಘಟಕ ತೋರಿಸುತ್ತಾರೆ.

ಆದರೆ ಪಾವಗಡದ ಬೋರ್‌ವೆಲ್ಲಿನ ಕತೆಯನ್ನು ಬೆಂಗಳೂರಿನ ಕಾವೇರಿ ನಲ್ಲಿಗೆ ತಂದು ಹಾಕಬೇಡಿ. ದಿನವಿಡೀ ಕುಡಿಯುವ ನೀರು ಬೇರೆ, ಹಚ್ಚಿ ಉಗುಳುವ ಪೇಸ್ಟ್ ಬೇರೆ. ಹುಳುಕು ತಡೆಯುವುದಕ್ಕೆ ಮನೆಯಲ್ಲಿ ನಮ್ಮ ಕೈಗೆ ಸಿಗುವ ಅತ್ಯಂತ ಅಗ್ಗದ, ಪರೀಕ್ಷೆ ಮಾಡಿ ಗೆದ್ದ ವಸ್ತು ಅಂದ್ರೆ ಫ್ಲೋರೈಡ್ ಪೇಸ್ಟೇ. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಸಾವಿರ ಪಿಪಿಎಂ ಆಸುಪಾಸು ಇರಲಿ. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಆಮೇಲೆ ಆರು ವರ್ಷದ ತನಕ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆ ಅಲೆಯಾಗಿ ಹಾಕುವುದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ. ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಊರಿನವರು ದಂತವೈದ್ಯರನ್ನು ಕೇಳಿ ಮುಂದುವರಿಯಿರಿ.

ಈಗ ಸರ್ಕಾರದ ಕಡೆ ಬರೋಣ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ದಂತ ಭಾಗ್ಯ ಅಂತ ಒಂದು ಯೋಜನೆ ಬಂತು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್. ಒಳ್ಳೆಯ ಯೋಜನೆ, ನನ್ನ ತಕರಾರಿಲ್ಲ. ಆದರೆ ಹಲ್ಲೆಲ್ಲಾ ಹೋದ ಮೇಲೆ ಸೆಟ್ ಕೊಡುವುದಕ್ಕೆ ಯೋಜನೆ ಮಾಡಿದವರಿಗೆ, ಅದೇ ಮನೆಯ ಆರು ವರ್ಷದ ಮೊಮ್ಮಗಳ ಹೊಸ ದವಡೆ ಹಲ್ಲು ಉಳಿಸುವುದಕ್ಕೆ ಒಂದು ಭಾಗ್ಯ ಹೊಳೆಯಲಿಲ್ಲವಲ್ಲ! ಕ್ಷೀರ ಭಾಗ್ಯದ ಸಿಹಿ ಹಾಲು ನಮ್ಮ ಶಾಲೆಗಳಿಗೆ ಬಂದದ್ದು 2013ರಲ್ಲಿ. ಹಸಿದ ಮಕ್ಕಳಿಗೆ ಅದು ನಿಜಕ್ಕೂ ಭಾಗ್ಯವೇ. ಹಾಲು ಕುಡಿದ ಮೇಲೆ ಲೋಟ ತೊಳೆಸುತ್ತೇವೆ, ಬಾಯಿ ಮುಕ್ಕಳಿಸಿ ಅಂತ ಹೇಳಿ ಅನ್ನುವ ಒಂದು ಸುತ್ತೋಲೆ ಮಾತ್ರ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಕಾಗದದ ಮೇಲೆ ಕೊರತೆಯಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು, ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ಆ ತಂಡದಲ್ಲಿ ಆಯುಷ್ ವೈದ್ಯರಿದ್ದಾರೆ, ನರ್ಸ್ ಇದ್ದಾರೆ, ಫಾರ್ಮಸಿಸ್ಟ್ ಇದ್ದಾರೆ. ದಂತವೈದ್ಯರಿಲ್ಲ. ಬಾಯಿ ತೆಗೆಸಿ, ಹುಳುಕಿದೆ ಅಂತ ಬರೆದು, ರೆಫರ್ ಅಂತ ಒಂದು ಚೀಟಿ ಕೊಡುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತವೈದ್ಯರ ಹುದ್ದೆಯೇ ಇರೋದಿಲ್ಲ, ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಹೋಗುವವರು ಯಾರು, ಮತ್ತೆ ಅದೇ ಗಾರ್ಮೆಂಟ್ಸಿನ ತಾಯಿ. ಚೀಟಿ ಬ್ಯಾಗಿನಲ್ಲೇ ಹರಿದುಹೋಗುತ್ತೆ.

ಇದು ದಂತವೈದ್ಯರಿಲ್ಲದ ರಾಜ್ಯವಾಗಿದ್ದರೆ ಸುಮ್ಮನಿರಬಹುದಿತ್ತು. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ದೇಶದಲ್ಲೇ ನಾವು ಮುಂದೆ. ಪ್ರತಿ ವರ್ಷ ಹೊರಬರುವ ಬಿಡಿಎಸ್ ಹುಡುಗ ಹುಡುಗಿಯರು ಒಂದು ವರ್ಷ ಇಂಟರ್ನ್‌ಶಿಪ್ ಮಾಡಲೇಬೇಕು. ಕೆಲಸ ಸಿಗುತ್ತಿಲ್ಲ ಅಂತ ಅವರು ಪರದಾಡುತ್ತಿದ್ದಾರೆ, ಡಾಕ್ಟರಿಲ್ಲ ಅಂತ ಇವರು ಪರದಾಡುತ್ತಿದ್ದಾರೆ. ನಡುವೆ ನಡೆಯುವುದು ಕ್ಯಾಂಪು. ಬ್ಯಾನರು ಕಟ್ಟುತ್ತಾರೆ, ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸುತ್ತಾರೆ, ಟಾರ್ಚು ಬಿಟ್ಟು ಹುಳುಕು ಎಣಿಸುತ್ತಾರೆ, ಪುಟಾಣಿ ಪೇಸ್ಟಿನ ಟ್ಯೂಬು ಹಂಚಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಎಣಿಸಿದ ಹುಳುಕು ಮಾರನೇ ದಿನವೂ ಬಾಯಲ್ಲೇ ಇರುತ್ತೆ. ನನ್ನ ಸರ್ವೀಸಿನಲ್ಲಿ ಇಂಥ ಎಷ್ಟೋ ಕ್ಯಾಂಪಿಗೆ ಮೇಜು ಕುರ್ಚಿ ಹಾಕಿಸಿದ್ದೇನೆ. ಅದೇ ತಂಡ ಅದೇ ಮಗುವನ್ನು ಎರಡನೇ ಸಲ ನೋಡಲು ಬಂದದ್ದನ್ನು ಕಂಡಿಲ್ಲ.

"ಅದೆಲ್ಲಾ ದುಡ್ಡಿರೋ ದೇಶದ ಮಾತು ಮೇಷ್ಟ್ರೇ" ಅನ್ನಬೇಡಿ. ಸ್ಕಾಟ್ಲೆಂಡಿನಲ್ಲಿ ಶಿಶುವಿಹಾರದ ಮಕ್ಕಳಿಗೆ ದಿನಾ ಟೀಚರುಗಳೇ ನಿಂತು ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಿಸುವ ಕಾರ್ಯಕ್ರಮ ನಡೆಸಿದರು, ಚೈಲ್ಡ್‌ಸ್ಮೈಲ್ ಅಂತ. ಅಲ್ಲಿ 2003ರಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕಿಲ್ಲದವರು ಶೇ. 45ರಷ್ಟಿದ್ದರು, 2020ರ ಹೊತ್ತಿಗೆ ಶೇ. 70 ದಾಟಿದರು. ಅದು ಶ್ರೀಮಂತ ದೇಶ ಅಂತೀರಾ? ಫಿಲಿಪ್ಪೀನ್ಸ್ ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಗುಂಪಾಗಿ ಕೈತೊಳೆಯುವುದು, ಹಲ್ಲುಜ್ಜುವುದು, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ, ಮೂರನ್ನೂ ಒಟ್ಟಿಗೆ ಕಟ್ಟಿ ಒಂದು ಕಾರ್ಯಕ್ರಮ ಮಾಡಿದರು. ಜಂತುಹುಳದ ಮಾತ್ರೆ ನಾವೂ ಕೊಡುತ್ತೇವೆ, ಕೈ ತೊಳೆಸುತ್ತೇವೆ. ಮೂರನೆಯದು ಒಂದೇ ಬಾಕಿ.

ಆಗಲೇ ಹುಳುಕಾದ ಹಲ್ಲಿಗೂ ಡ್ರಿಲ್ಲು, ಸೂಜಿ ಇಲ್ಲದ ದಾರಿ ಇದೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನೋ ದ್ರವದ ಒಂದು ಹನಿಯನ್ನು ಹುಳುಕಿಗೆ ಸವರಿದರೆ ಬಹಳಷ್ಟು ಸಲ ಅದು ಮುಂದುವರಿಯದೆ ಅಲ್ಲೇ ನಿಲ್ಲುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಒಂದೇ ಕೊರತೆ, ಹುಳುಕಿನ ಜಾಗ ಕಪ್ಪಾಗುತ್ತೆ. ಇಲ್ಲಿ ಬೇಕಾದರೆ ಧಾರಾಳವಾಗಿ ಹೇಳಿ, "ಹಾಲು ಹಲ್ಲು ತಾನೇ, ಬಿಡಿ" ಅಂತ. ಕಪ್ಪಾದರೂ ನೋಯದ ಹಲ್ಲು ಬಿಳಿಯಾಗಿ ನೋಯುವ ಹಲ್ಲಿಗಿಂತ ಮೇಲು.

ನಾನು ಕೇಳುವುದು ಮೂರು. ಒಂದು, ಪ್ರತಿ ಅಂಗನವಾಡಿ ಮತ್ತು ನಲಿ-ಕಲಿ ತರಗತಿಯಲ್ಲಿ ಬಿಸಿಯೂಟದ ನಂತರ ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಿಸುವುದು, ಬ್ರಷ್ಷು ಸಮವಸ್ತ್ರದಷ್ಟೇ ಸಹಜವಾಗಿ ಶಾಲೆಗೆ ಬರಬೇಕು. ಎರಡು, ಪ್ರತಿ ದಂತ ಕಾಲೇಜಿಗೂ ಇಂತಿಷ್ಟು ಶಾಲೆ ಅಂತ ಹಂಚಿ, ಇಂಟರ್ನ್‌ಗಳು ಹಿರಿಯ ವೈದ್ಯರ ಜೊತೆ ವರ್ಷಕ್ಕೆ ಎರಡು ಸಲ ಅದೇ ಮಕ್ಕಳನ್ನು ನೋಡಬೇಕು, ಹುಳುಕಿಗೆ ಅಲ್ಲೇ ಔಷಧಿ ಸವರಬೇಕು. ಮೂರು, ಒಂದು ಎರಡನೇ ತರಗತಿಯ ಮಕ್ಕಳ ಹೊಸ ದವಡೆ ಹಲ್ಲಿನ ಗೀರುಗಳಿಗೆ ಸೀಲೆಂಟ್ ಹಾಕಿಸಬೇಕು. ಕೆಲಸ ಹೆಚ್ಚುತ್ತೆ ಅಂತ ನಮ್ಮ ಮೇಷ್ಟ್ರುಗಳೇ ಗೊಣಗುತ್ತಾರೆ, ಗೊತ್ತು. ಗಣತಿ, ಚುನಾವಣೆ, ಆ್ಯಪು, ಮೊಟ್ಟೆ ಲೆಕ್ಕ ಎಲ್ಲಾ ಮಾಡುವ ನಮಗೆ ಐದು ನಿಮಿಷದ ಈ ಕೆಲಸ ಭಾರವಾಗಬಾರದು. ಮಕ್ಕಳಿಗೆ ನೇರವಾಗಿ ಉಪಯೋಗವಾಗುವ ಕೆಲಸ ನಮಗೆ ಸಿಗೋದೇ ಅಪರೂಪ.

ಸರ್ಕಾರ ಮಾಡುವ ತನಕ ಕಾಯಬೇಕಾಗಿಲ್ಲ. ಇವತ್ತು ರಾತ್ರಿ ಮೊಬೈಲ್ ಟಾರ್ಚು ಹಾಕಿ ನಿಮ್ಮ ಮಗುವಿನ ಬಾಯಿ ನೋಡಿ, ಹಿಂದಿನ ಹಲ್ಲಿನ ತನಕ. ಆರು ದಾಟಿದ್ದರೆ ಎಲ್ಲದರ ಹಿಂದೆ ದೊಡ್ಡ ಹಲ್ಲು ಬಂದಿದೆಯಾ ಹುಡುಕಿ. ಮಲಗುವ ಮುಂಚೆ ನೀವೇ ಉಜ್ಜಿ. ಶೂ ಲೇಸು ತಾನೇ ಕಟ್ಟಿಕೊಳ್ಳಲು ಬಾರದ ಮಗುವಿಗೆ ಹಲ್ಲುಜ್ಜಿಕೊಳ್ಳಲೂ ಬರೋದಿಲ್ಲ, ಏಳೆಂಟು ವರ್ಷದವರೆಗೂ ದೊಡ್ಡವರ ಕೈ ಬೇಕು. ಉಗುಳಿದರೆ ಸಾಕು, ಪೇಸ್ಟನ್ನು ಪೂರ್ತಿ ತೊಳೆದುಬಿಡಬೇಡಿ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಅಪ್ಪಂದಿರಿಗೆ ವಿಶೇಷವಾಗಿ ಹೇಳ್ತಾ ಇದ್ದೀನಿ, ಈ ಕೆಲಸ ನಿಮ್ಮಿಂದ ಆಗುತ್ತೆ.

ಆಮೇಲೆ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ. ಕಾಂಪೌಂಡು, ಬಣ್ಣ, ವಾರ್ಷಿಕೋತ್ಸವದ ಚರ್ಚೆ ಮುಗಿದ ಮೇಲೆ ಎದ್ದು ನಿಂತು, "ನಮ್ಮ ಒಂದನೇ ಕ್ಲಾಸಿನ ಮಕ್ಕಳಲ್ಲಿ ಎಷ್ಟು ಜನಕ್ಕೆ ಹುಳುಕಿದೆ, ರೆಫರ್ ಚೀಟಿ ಕೊಟ್ಟವರಲ್ಲಿ ಎಷ್ಟು ಜನಕ್ಕೆ ಚಿಕಿತ್ಸೆ ಆಯ್ತು?" ಅಂತ ಕೇಳಿ. ಉತ್ತರ ಯಾರ ಹತ್ತಿರವೂ ಇರೋದಿಲ್ಲ. ಯಾರಾದರೂ ನಕ್ಕು "ಹಾಲು ಹಲ್ಲು ತಾನೇ" ಅಂದರೆ, ಅವರ ಹೆಸರಿನ ಸಮೇತ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ಮನೆಗೆ ಬನ್ನಿ.